ಹೂರಣ ತಲುಪದ ಅಂಚು

ಶನಿವಾರ ಬೆಳಗ್ಗೆ ಹತ್ತೂವರೆ ಇರಬೇಕು. ಹಿತ್ತಾಳೆ ದೀಪಗಳನ್ನೆಲ್ಲ ಸಿಂಕಿನಲ್ಲಿಟ್ಟುಕೊಂಡು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ನವರಾತ್ರಿ ಮುಗಿದು ಎರಡು ದಿನವಾಗಿತ್ತು. ಒಂಬತ್ತು ದಿನದ ಎಣ್ಣೆಜಿಡ್ಡು ಸುಲಭಕ್ಕೆ ಬಿಡುವಂಥದ್ದಲ್ಲ. ಫೋನು ಹೊಡೆದುಕೊಂಡಿತು. ಕೈಯೆಲ್ಲ ಹುಳಿ, ಕಿರುಬೆರಳ ತುದಿಯಿಂದ ಸ್ಪೀಕರ್ ಒತ್ತಿದೆ. ಬೆಳಗ್ಗೆಯೇ ಪಿಸ್ತೂಲು ತೆಗೆದುಕೊಂಡು ರೇಂಜಿಗೆ, ಅಂದರೆ ಗುರಿ ಅಭ್ಯಾಸ ಮಾಡುವ ಜಾಗಕ್ಕೆ, ಹೋಗಿದ್ದ ನಮ್ಮವರು.

"ಏನೇ, ಆಯುಧ ಪೂಜೆ ದಿನ ಇದಕ್ಕೆ ಏನೇನು ಹಾಕಿದ್ದೆ?"

"ಗಂಧ, ಕುಂಕುಮ, ಅಕ್ಷತೆ, ಒಂದು ಸೇವಂತಿಗೆ. ಯಾಕ್ರೀ?"

"ಇಲ್ಲಿರೋ ಮುದುಕಪ್ಪ ಅದರೊಳಗಿಂದ ಅಕ್ಕಿಕಾಳು ಕೀಳ್ತಿದಾನೆ. ಕುಂಕುಮ ನೋಡಿ ರಕ್ತಾನಾ ಅಂತ ಕೇಳಿದ." ನಕ್ಕರು. ನಗು ಅರ್ಧಕ್ಕೇ ನಿಂತಿತು. "ವಿಷಯ ಅದಲ್ಲ. ಅದರೊಳಗೆ ಒಂದು ಗುಂಡಿತ್ತು ಕಣೇ."

"ಖಾಲಿ ಮಾಡಿ ಕೊಟ್ಟಿದೀನಿ ಅಂದ್ರಲ್ಲ!"

"ಹಾಗೇ ಅನ್ಕೊಂಡಿದ್ದೆ."

ಈ ಪಿಸ್ತೂಲು ನಮ್ಮ ಮನೆಗೆ ಬಂದದ್ದು ಬೇಸಿಗೆಯಲ್ಲಿ. ಅಮೆರಿಕದ ಇಸ್ಸಾಕ್ವಾ ಊರಿನ ಗುಡ್ಡದ ಮೇಲಿನ ನಮ್ಮ ಬೀದಿಯಲ್ಲಿ, ಮೂರು ಮನೆ ಆಚೆ, ಒಂದು ತೆಲುಗು ಕುಟುಂಬದವರು ದೇವಸ್ಥಾನಕ್ಕೆ ಹೋಗಿದ್ದಾಗ ಕಳ್ಳರು ಹಿಂಬಾಗಿಲು ಒಡೆದು ಬಂಗಾರವನ್ನೆಲ್ಲ ಬಳಿದುಕೊಂಡು ಹೋಗಿದ್ದರು. ನಮ್ಮ ಜನರ ಮನೆಗಳನ್ನೇ ನೋಡಿಕೊಂಡು ಬರುತ್ತಾರೆ ಎಂದು ಎಲ್ಲರೂ ಆಡಿಕೊಂಡರು. ನಾನು ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿ ಎಂದೆ. ಇವರು ಚಿಲಕದ ಜೊತೆ ಪಿಸ್ತೂಲನ್ನೂ ತಂದರು. ಅಂಗೈಯಗಲದ್ದು. ದೊಡ್ಡದು ನಿನ್ನ ಕೈಗೆ ಒದೆಯುತ್ತದೆ, ಇದಾದರೆ ನೀನೂ ಹಿಡಿಯಬಹುದು ಎಂದರು. ನಾನು ಹಿಡಿಯುವುದಿಲ್ಲ ಎಂದೆ.

ಅದು ಮೊದಲಿಂದಲೂ ಹಟಮಾರಿ. ಹತ್ತು ಸಲ ಒತ್ತಿದರೆ ಎರಡು ಮೂರು ಸಲ ಸುಮ್ಮನಾಗುತ್ತಿತ್ತು. ಒಮ್ಮೆ ಗುಂಡು ಸಿಕ್ಕಿಹಾಕಿಕೊಳ್ಳುತ್ತಿತ್ತು, ಇನ್ನೊಮ್ಮೆ ಸಿಡಿದ ಗುಂಡಿನ ಖಾಲಿ ಕೊಳವೆ ಆಚೆ ಬೀಳುತ್ತಿರಲಿಲ್ಲ. ಇವರು ಗುಂಡಿನ ಕಂಪನಿ ಬದಲಾಯಿಸಿ ನೋಡಿದರು, ಎಣ್ಣೆ ಹಾಕಿ ನೋಡಿದರು, ಎಣ್ಣೆ ಒರೆಸಿ ನೋಡಿದರು. ಇಷ್ಟು ಸಣ್ಣ ಪಿಸ್ತೂಲುಗಳ ಹಣೆಬರಹವೇ ಇಷ್ಟಂತೆ.

"ಕಳ್ಳ ಬಂದಾಗ ಏನು ಮಾಡ್ತೀರಿ? ಇರಪ್ಪಾ, ಇದು ಠುಸ್ ಆಯ್ತು, ಇನ್ನೊಂದು ಹಾಕ್ಕೊತೀನಿ ಅಂತೀರಾ?" ಎಂದು ರೇಗಿಸಿದ್ದೆ.

"ನಿನ್ನ ಥರಾನೇ ಕಣೇ. ಮೂಡ್ ಇದ್ರೆ ಕೆಲಸ, ಇಲ್ದಿದ್ರೆ ಮೌನವ್ರತ."

ಅದು ಕೆಲಸ ಮಾಡದಿರುವ ಕಾರಣವನ್ನು ಇವರು ಒಂದು ದಿನ ಊಟದ ಹೊತ್ತಿನಲ್ಲಿ ವಿವರಿಸಿದ್ದರು. ದೊಡ್ಡ ಗುಂಡುಗಳಲ್ಲಿ ಕಿಡಿ ಹೊತ್ತಿಸುವ ಮದ್ದು ಬುಡದ ನಡುವೆ ಇರುತ್ತದಂತೆ. ಇದರಲ್ಲಿ ಬುಡದ ಅಂಚಿನ ಒಳಗೆ, ಸುತ್ತಲೂ. ಪಿಸ್ತೂಲಿನ ಮೊಳೆ ಆ ಅಂಚಿಗೆ ಬಡಿದಾಗ ಸಿಡಿಯಬೇಕು. ಅಂಚಿನಲ್ಲಿ ಎಲ್ಲಾದರೂ ಮದ್ದು ತಲುಪದೆ ಉಳಿದು, ಮೊಳೆ ಸರಿಯಾಗಿ ಅಲ್ಲೇ ಬಡಿದರೆ ಏನೂ ಆಗುವುದಿಲ್ಲ.

"ಹೋಳಿಗೆ ಅಂಚಿಗೆ ಹೂರಣ ಹೋಗ್ದೇ ಇರುತ್ತಲ್ಲ, ಹಾಗೆ," ಎಂದಿದ್ದೆ ನಾನು.

"ಕರೆಕ್ಟ್! ಇಂಜಿನಿಯರ್ ಆಗ್ಬೇಕಿತ್ತು ನೀನು."

ಆಯುಧ ಪೂಜೆಗೆ ನಾವು ಪ್ರತಿ ವರ್ಷ ಇಡುವುದು ಈಳಿಗೆಮಣೆ, ಚಾಕು, ಇವರ ಲ್ಯಾಪ್‌ಟಾಪು, ಕಾರಿನ ಕೀಲಿಗಳು. ಈ ಸಲ ಇವರು ಕ್ಲಾಸೆಟ್ಟಿನ ಬೀಗದ ಪೆಟ್ಟಿಗೆಯಿಂದ ಅದನ್ನೂ ತೆಗೆದರು. ಹಿಡಿಯೊಳಗಿನ ಗುಂಡಿನ ಡಬ್ಬಿ ಎಳೆದು ಪಕ್ಕಕ್ಕಿಟ್ಟು, ಮೇಲಿನ ಭಾಗವನ್ನು ಒಮ್ಮೆ ಹಿಂದಕ್ಕೆ ಜಗ್ಗಿ ಬಿಟ್ಟರು. ಏನೂ ಹೊರಗೆ ಬೀಳಲಿಲ್ಲ. "ಖಾಲಿ. ಇಷ್ಟು ವರ್ಷ ಚಾಕು ಸೌಟಿಗೆ ಪೂಜೆ ಮಾಡಿದ್ದಾಯ್ತು, ಈ ಸಲ ನಿಜವಾದ ಆಯುಧ ಸಿಕ್ತಲ್ಲ ನಿಂಗೆ" ಎಂದು ಮಣೆಯ ಮೇಲಿಟ್ಟು ಸ್ನಾನಕ್ಕೆ ಹೋದರು. ನನಗೆ ಇಷ್ಟವಿರಲಿಲ್ಲ. ಹಬ್ಬದ ದಿನ ಜಗಳ ಬೇಡವೆಂದು ಸುಮ್ಮನಾದೆ.

ಈಗ ಫೋನಿನಲ್ಲಿ ಇವರು ಹೇಳುತ್ತಿದ್ದರು. ಗುಂಡನ್ನು ಹಿಡಿದು ಎಳೆಯಬೇಕಾದ ಸಣ್ಣ ಕೊಕ್ಕೆ ಸವೆದಿದೆಯಂತೆ. ಅವತ್ತು ಜಗ್ಗಿದಾಗ ನಳಿಗೆಯಲ್ಲಿದ್ದ ಗುಂಡು ಅದಕ್ಕೆ ಸಿಗದೆ ಅಲ್ಲೇ ಉಳಿದಿತ್ತು. ಇವರು ಬಗ್ಗಿ ನೋಡಿರಲಿಲ್ಲ. ಇವತ್ತು ಹೊಸ ಗುಂಡು ಏರಿಸಲು ಹೋದಾಗ ಅಡ್ಡ ಸಿಕ್ಕಿಕೊಂಡಿತು. ರೇಂಜಿನ ಮುದುಕಪ್ಪ ತೆಳುವಾದ ಕಡ್ಡಿಯಿಂದ ಮೀಟಿ ತೆಗೆದ.

"ತೆಗೆದು ನೋಡಿದ್ರೆ ಅಂಚಿನ ಮೇಲೆ ಮೊಳೆ ಬಡಿದ ಗುರುತಿದೆ ಕಣೇ. ಯಾರೋ ಒತ್ತಿದಾರೆ, ಇದು ಸಿಡಿದಿಲ್ಲ, ಅಂತಾನೆ ಅವನು. ನಾನಂತೂ ಮನೇಲಿ ಒತ್ತಿಲ್ಲ. ಏನೋಪ್ಪ, ಮರೆತು ಯಾವಾಗ್ಲೋ ಒತ್ತಿದ್ನೋ ಏನೋ."

ನನ್ನ ಕೈಯಲ್ಲಿದ್ದ ದೀಪ ಜಾರಿ ಸಿಂಕಿಗೆ ಬಿತ್ತು.

ಟಕ್ ಎಂಬ ಸದ್ದು ನೆನಪಾಗಿತ್ತು.

ಪೂಜೆಗಿಡುವ ಯಾವುದನ್ನೂ ನಾನು ಒರೆಸದೆ ಇಡುವುದಿಲ್ಲ. ಅವತ್ತೂ ಒದ್ದೆ ಬಟ್ಟೆಯಲ್ಲಿ ಈಳಿಗೆಮಣೆ ಒರೆಸಿದೆ, ಚಾಕು ಒರೆಸಿದೆ, ಆಮೇಲೆ ಪಿಸ್ತೂಲು ಎತ್ತಿಕೊಂಡೆ. ಬೆರಳು ಹಾಕುವ ಕಡೆ ಸಣ್ಣ ಬಳೆಯಂತಿತ್ತು, ಒಳಗೆ ಧೂಳು. ಆರತಿಯ ಹಿಡಿಯ ಸಂದಿಯನ್ನು ಹೇಗೆ ಉಜ್ಜುತ್ತೇವೋ ಹಾಗೆ ಬಟ್ಟೆಯ ತುದಿಯನ್ನು ಒಳಗೆ ತೂರಿಸಿ, ಎರಡೂ ಕಡೆ ಹಿಡಿದು ಬಲವಾಗಿ ನನ್ನ ಕಡೆಗೆ ಎಳೆದೆ. ಟಕ್ ಎಂದಿತು. ಕೆಡಿಸಿಬಿಟ್ಟೆನೇನೋ ಎಂದು ಹೆದರಿ, ಬೇಗ ಗಂಧವಿಟ್ಟು ಹೂವು ಮುಚ್ಚಿದೆ.

ಹರಿತವಾದದ್ದರ ಬಾಯಿ ನಮ್ಮ ಕಡೆ ಇರಬಾರದು ಎಂದು ಅತ್ತೆ ಕಲಿಸಿದ್ದರು. ಅದನ್ನೂ ಹಾಗೆಯೇ ಹಿಡಿದಿದ್ದೆ, ಹಿಡಿ ನನ್ನ ಕಡೆ, ಬಾಯಿ ಆಚೆ. ಆಚೆ, ಎರಡು ಮೊಳ ದೂರದಲ್ಲಿ, ಒಂಬತ್ತು ವರ್ಷದ ಮಗಳು ಚಕ್ಕಳಮಕ್ಕಳ ಹಾಕಿ ಕೂತು ಸೇವಂತಿಗೆ ಪೋಣಿಸುತ್ತಿದ್ದಳು. ಸದ್ದಿಗೆ ತಲೆಯೆತ್ತಿ "ವಾಟ್ ವಾಸ್ ದಟ್, ಅಮ್ಮಾ?" ಎಂದಿದ್ದಳು. "ಏನಿಲ್ಲ ಪುಟ್ಟಿ, ನೀನು ಹೂ ನೋಡು" ಎಂದಿದ್ದೆ.

ದಿನಾ ಸಂಜೆ ದೀಪ ಹಚ್ಚಿದ ಮೇಲೆ, ಅವತ್ತು ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುವುದು ನನ್ನ ರೂಢಿ. ಹಾಲು ಉಕ್ಕಲಿಲ್ಲ, ಮಂಜಿನಲ್ಲೂ ಇವರು ಸುಖವಾಗಿ ಡ್ರೈವ್ ಮಾಡಿಕೊಂಡು ಬಂದರು, ಅಮ್ಮನ ಮಂಡಿನೋವು ಕಡಿಮೆಯಂತೆ, ಇಂಥವು. ಆಯುಧ ಪೂಜೆಯ ಸಂಜೆ ನಾನು ಹೇಳಿಕೊಂಡದ್ದು ಹೋಳಿಗೆ ಒಂದೂ ಹರಿಯಲಿಲ್ಲ ಎಂದು.

"ಕೇಳಿಸ್ತಿದೆಯಾ?" ಇವರು ಮಾತು ಮುಂದುವರಿಸಿದ್ದರು. "ಇಲ್ಲೇ ರಿಪೇರಿ ಮಾಡ್ತಾರಂತೆ. ಹೊಸ ಕೊಕ್ಕೆ, ಗಟ್ಟಿ ಸ್ಪ್ರಿಂಗು ಹಾಕಿದ್ರೆ ಇನ್ಮೇಲೆ ಒಂದೂ ತಪ್ಪಲ್ಲ, ಒತ್ತಿದ್ರೆ ಹೊಡಿಯುತ್ತೆ ಅಂತಾನೆ. ಮುಂದಿನ ವಾರ ಮನೆಗೆ ತರಬಹುದು. ಮಾಡಿಸ್ಲಾ?"

ಒತ್ತಿದರೆ ಹೊಡೆಯುತ್ತದೆ. ಸುಮ್ಮನಿರಬಹುದಿತ್ತು. ತಾನೇ ಮರೆತು ಒತ್ತಿದ್ದೆ ಎಂದು ಇವರು ಹೇಗೂ ನಂಬಲು ಶುರುಮಾಡಿದ್ದರು. ಹೇಳಿದರೆ ಜನ್ಮವಿಡೀ ಮಗಳ ಮುಖ ನೋಡುವಾಗೆಲ್ಲ ಇಬ್ಬರಿಗೂ ಅದೇ ನೆನಪಾಗುತ್ತದೆ. ಹೇಳದಿದ್ದರೆ ಅದು ಸರಿಯಾಗಿ, ಒಂದೂ ತಪ್ಪದಂತೆ ಸರಿಯಾಗಿ, ಮತ್ತೆ ನನ್ನ ಮನೆಯೊಳಗೆ ಬರುತ್ತದೆ.

ಅಷ್ಟರಲ್ಲಿ ಮಗಳು ಮಹಡಿಯಿಂದ ಇಳಿದು ಬಂದಳು. "ಅಮ್ಮಾ, ಕ್ಯಾನ್ ಐ ಹ್ಯಾವ್ ಮೊಸರನ್ನ?" ಎಂದವಳು ನನ್ನ ಮುಖ ನೋಡಿ "ಆರ್ ಯೂ ಓಕೆ?" ಎಂದಳು. ಹುಳಿಗೈಯಲ್ಲೇ ಅವಳ ತಲೆ ಮುಟ್ಟಿದೆ. "ಕೊಡ್ತೀನಿ, ನಡಿ" ಎಂದೆ. ಅವಳು ಆಚೆ ಹೋಗುವವರೆಗೆ ಕಾದೆ.

"ರೀ, ಒತ್ತಿದ್ದು ನಾನು."

"ಏನು?"

"ಪೂಜೆ ದಿನ ಒರೆಸ್ತಾ ಒತ್ತಿಬಿಟ್ಟೆ. ಟಕ್ ಅಂತು. ಪುಟ್ಟಿ ಎದುರಿಗೇ ಕೂತಿದ್ಲು."

ಫೋನಿನಲ್ಲಿ ದೂರದ ಗುಂಡಿನ ಸದ್ದುಗಳು ಕೇಳಿಸಿದವು, ಒಂದರ ಹಿಂದೆ ಒಂದು.

"ಅದನ್ನ ಮನೆಗೆ ತರ್ಬೇಡಿ," ಎಂದೆ. "ಚಿಲಕ ಸಾಕು. ಬಂಗಾರ ಬ್ಯಾಂಕಲ್ಲಿಡೋಣ. ತರ್ಬೇಡಿ ಅಷ್ಟೇ."

"ಇಲ್ಲ, ತರಲ್ಲ," ಎಂದರು.

ಒಂದು ಗಂಟೆಯ ಮೇಲೆ ಬರಿಗೈಯಲ್ಲಿ ಬಂದರು. ಪಿಸ್ತೂಲನ್ನು ಅಲ್ಲಿಯ ಅಂಗಡಿಗೇ ಬರೆದುಕೊಟ್ಟು ಬಂದೆ ಎಂದರು. ಶೂ ಬಿಚ್ಚಲು ಕೂತವರು ಲೇಸು ಹಿಡಿದುಕೊಂಡು ಹಾಗೇ ಇದ್ದರು.

"ಎಲ್ಲಿ ಕೂತಿದ್ಲು?"

ತೋರಿಸಿದೆ. ಎದ್ದು ಹೋಗಿ, ಒಂದು ಕಾಲಿನ ಶೂ ಬಿಚ್ಚದೆಯೇ, ಅಲ್ಲಿ ತಾವೇ ಕೂತರು. ದೇವರ ಮುಂದೆ ಶೂ ಎಂದು ನಾನು ಬೈಯಲಿಲ್ಲ. ಮಣೆಯಿಂದ ಅಲ್ಲಿಗೆ ಕಣ್ಣಲ್ಲೇ ಅಳೆದರು. "ಹೂರಣ ತಲುಪಿರಲಿಲ್ಲ," ಎಂದರು ಮೆಲ್ಲಗೆ. ಆಮೇಲೆ ಮುಖ ಮುಚ್ಚಿಕೊಂಡರು.

ನನ್ನ ಭಯ ಅವತ್ತಿಗೆ ಹೋಗಲಿಲ್ಲ, ಇವತ್ತಿಗೂ ಪೂರ್ತಿ ಹೋಗಿಲ್ಲ. ಪೆನ್ನಿನ ಗುಂಡಿ ಒತ್ತಿದ ಸದ್ದಿಗೂ ಎದೆ ಧಸಕ್ಕೆನ್ನುತ್ತದೆ. ಆ ಸಂಜೆ ದೇವರ ಮುಂದೆ ನಿಂತಾಗ ಉಪಕಾರದ ಲೆಕ್ಕ ಬಾಯಿಗೆ ಬರಲಿಲ್ಲ, ಸುಮ್ಮನೆ ಕೈಮುಗಿದೆ.

ಆದರೆ ಅದಕ್ಕೆ ಮೊದಲು ಅಡುಗೆಯಾಗಬೇಕಿತ್ತು. ದೀಪಗಳ ಮೇಲೆ ಹುಣಸೆ ಒಣಗಿ ಕಪ್ಪಾಗಿತ್ತು, ಅವನ್ನು ನೀರಿನಲ್ಲಿ ನೆನೆಹಾಕಿದೆ. ಮಗಳಿಗೆ ಮೊಸರನ್ನ ಕಲಸಿ ಕೊಟ್ಟೆ. ಕಳಶದ ಕೆಳಗಿಟ್ಟಿದ್ದ ಅಕ್ಕಿಯಲ್ಲಿ ವಾಡಿಕೆಯಂತೆ ಸಿಹಿ ಪೊಂಗಲ್ ಮಾಡಬೇಕಿತ್ತು. ಕುಂಕುಮ ಬಿಡುವವರೆಗೆ ಮೂರು ನೀರಿನಲ್ಲಿ ತೊಳೆದೆ. ಒಲೆಯ ತಿರುಪು ಹಿಡಿದು ಒಂದು ಗಳಿಗೆ ನಿಂತು, ತಿರುಗಿಸಿದೆ. ಟಕ್ ಟಕ್ ಟಕ್ ಎಂದು ಉರಿ ಹತ್ತಿಕೊಂಡಿತು. ಬಾಣಲೆಯಿಟ್ಟು ಹೆಸರುಬೇಳೆ ಹುರಿಯತೊಡಗಿದೆ.