ಯಾರನ್ನೂ ಒಳಗೆ ಬಿಡದವಳು

ಚರ್ಚ್ ಆಫೀಸಿನ ಆ ಹೆಂಗಸಿಗೆ ಹುಬ್ಬೇ ಇರಲಿಲ್ಲ. ಇರಬೇಕಾದ ಜಾಗದಲ್ಲಿ ಎರಡು ಸುಕ್ಕು, ಅಷ್ಟೇ. ಕಂಪ್ಯೂಟರಿನ ಹಿಂದೆ ಆ ಸುಕ್ಕು ಮೇಲೆದ್ದರೆ ಎದುರು ನಿಂತವರಿಗೆ ಬೈಗುಳ ಗ್ಯಾರಂಟಿ. ತಮಿಳುನಾಡಿನ ವೇದಸಂದೂರು ಕಡೆಯವಳು, ಮನೆಯಲ್ಲಿ ನಮ್ಮ ಹಾಗೆ ಕನ್ನಡವೇ. ಆದರೂ ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಮೊದಲ ದಿನದಿಂದಲೇ ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ನಾವು ಚರ್ಚಿಗೆ ಹೋಗುವವರಲ್ಲ. ಮಗಳು ಮೆಚ್ಚಿ ಮದುವೆಯಾದ ಹುಡುಗ ಕಂಬಂ ಹತ್ತಿರದ ಆ ಚರ್ಚಿನವನು. ಅವನ ಬೀದಿಯ ಮನೆಗಳ ಹುಟ್ಟು, ಮದುವೆ, ಸಾವು ಎಲ್ಲವನ್ನೂ ಚರ್ಚಿನ ಕಂಪ್ಯೂಟರಿಗೆ ಏರಿಸುವ ಕೆಲಸ ಅವನದು. ಅದಕ್ಕೆ ಪಾಸ್‌ವರ್ಡ್ ಕೊಟ್ಟಿದ್ದರು. ಆ ಅಳಿಯ ಮಗಳನ್ನೂ ಪುಟ್ಟ ಮೊಮ್ಮಗಳನ್ನೂ ಬಿಟ್ಟು ಎದೆನೋವಿನಲ್ಲಿ ಹೋಗಿಬಿಟ್ಟ. ಮಣ್ಣು ಮಾಡಿದ ಮಾರನೆಯ ದಿನವೇ ಆ ಹೆಂಗಸು ಮಗಳ ಮನೆ ಬಾಗಿಲಲ್ಲಿ ನಿಂತು, "ಅವರ ಪಾಸ್‌ವರ್ಡ್ ಮುಚ್ಚಿದ್ದೀನಿ, ಇನ್ನು ಯಾರೂ ಅದ್ರಲ್ಲಿ ಒಳಗೆ ಹೋಗೋಕಾಗಲ್ಲ" ಎಂದು ತಮಿಳಿನಲ್ಲಿ ಹೇಳಿದಳು.

"ಮನೇಲಿ ಇನ್ನೂ ಒಲೆ ಹಚ್ಚಿಲ್ಲ, ಅಷ್ಟರಲ್ಲೇ ಅವನ ಹೆಸರು ತೆಗ್ಯೋಕೆ ಬಂದ್ಯಾ? ನಡಿ ಆಚೆ!" ಎಂದು ಓಡಿಸಿದೆ.

ಅಳಿಯನ ಅಣ್ಣನಿಗೆ ಅಷ್ಟೇ ಸಾಕಾಯಿತು. "ತಮ್ಮ ಕೂತ ಜಾಗದಲ್ಲಿ ಅಣ್ಣ ಕೂರಬೇಕಲ್ವಾ ಅತ್ತೆ? ಹೆಣ್ಣಿನ ಮನೆಯೋರು ಸಹಿ ಹಾಕಿದ್ರೆ ಅವಳು ಇಲ್ಲ ಅನ್ನೋಕಾಗಲ್ಲ" ಎಂದ. ಮನೆಯ ಬೀಗದ ಕೈ ಒಬ್ಬರ ಸೊಂಟದಿಂದ ಇನ್ನೊಬ್ಬರ ಸೊಂಟಕ್ಕೆ ಹೋಗುವುದಿಲ್ಲವೇ, ಇದೂ ಹಾಗೇ ಎಂದುಕೊಂಡೆ. ನನಗೆ ನನ್ನ ಹೆಸರಷ್ಟೇ ಬರೆಯಲು ಬರುವುದು. ಅವನು ತಂದ ಕಾಗದದ ಮೇಲೆ ಬರೆದುಕೊಟ್ಟೆ.

ಆಫೀಸಿಗೆ ಹೋಗಿ ಆ ಕಾಗದವನ್ನು ಮೇಜಿನ ಮೇಲೆ ಎಸೆದೆ. "ಅಳಿಯನದ್ದನ್ನ ಅವನ ಅಣ್ಣನಿಗೆ ಕೊಡು."

"ಪಾಸ್‌ವರ್ಡ್ ಒಬ್ಬ ಮನುಷ್ಯನಿಗೆ ಕೊಟ್ಟಿದ್ದು, ಮನೆಗಲ್ಲ" ಎಂದಳು, ಆಗಲೂ ತಮಿಳಿನಲ್ಲೇ.

"ನಿಮ್ಮಪ್ಪನ ಸೊತ್ತಾ?"

"ಉಕ್ಕಾರುಂಗ." ಕುಳಿತುಕೊಳ್ಳಿ ಎಂದರೂ ಅವಳ ಬಾಯಲ್ಲಿ ಅದು ಬೈಗುಳವೇ.

ಕಾಗದ ಓದಿದಳು. ಸುಕ್ಕು ಮೇಲೆದ್ದಿತು. ಆಗ ಮೊದಲ ಸಲ ನನ್ನ ಜೊತೆ ಕನ್ನಡಕ್ಕೆ ತಿರುಗಿದಳು.

"ಅಮ್ಮಾ, ಇದ್ರಲ್ಲಿ ಏನೈತೆ ಗೊತ್ತಾ?"

"ಅಣ್ಣನಿಗೆ ಕೊಡು ಅಂತ."

"ಅದು ಮೇಲ್ಗಡೆ. ಕೆಳಗಡೆ, ನಿಮ್ ಮಗಳೂ ಮೊಮ್ಮಗಳೂ ಇನ್ನು ಆ ಮನೆಯೋರಲ್ಲ, ಕುಟುಂಬದ ಪಟ್ಟಿಯಿಂದ ಅವ್ರನ್ನ ತೆಗೀಬೋದು, ನಂಗೆ ಒಪ್ಪಿಗೆ ಅಂತ ಬರ್ದೈತೆ. ಸಹಿ ನಿಮ್ದು."

ಕಾಗದ ಕಿತ್ತುಕೊಳ್ಳಲು ಕೈ ಚಾಚಿದೆ, ಅವಳು ಕೊಡಲಿಲ್ಲ.

"ಪಾಸ್‌ವರ್ಡ್ ಸಿಕ್ಕಿದ್ರೆ ಆ ಅಣ್ಣನೇ ತೆಗೀತಿದ್ದ, ಆಮೇಲೆ ಆ ಮನೇಲಿ ಇವ್ರಿಗೆ ಪಾಲೂ ಇರ್ತಿರಲಿಲ್ಲ. ತೆಗ್ದೋರು ಯಾರು ಅಂತ ನಾಳೆ ಕಂಪ್ಯೂಟರಲ್ಲಿ ನೋಡಿದ್ರೆ ಸತ್ತೋರ ಹೆಸರೇ ಕಾಣ್ತಿತ್ತು. ಮಗಳನ್ನ ಅಪ್ಪನೇ ತೆಗ್ದಂಗೆ."

"ಹರಿದಾಕು ತಾಯಿ" ಎಂದು ಬೇಡಿದೆ.

"ಹರಿಯಲ್ಲ. ಫಾದರ್ ನೋಡ್ಬೇಕು. ಒಪ್ಪಿಗೆ ಇಲ್ಲ ಅಂತ ನಿಮ್ ಕೈಯಲ್ಲೇ ಬರೀರಿ."

ಬೇರೆ ಹಾಳೆಯಲ್ಲಿ ತಾನು ಬರೆದು ತೋರಿಸಿ, ಒಂದೊಂದೇ ಅಕ್ಷರ ನನ್ನಿಂದ ಬರೆಸಿದಳು. ಒಂದು ಗಂಟೆ ಹಿಡಿಯಿತು. ಒಂದು ಲೋಟ ನೀರು ಬೇಕೇ ಎಂದು ಕೇಳಲಿಲ್ಲ, ಪಾಪಿ. ಎದ್ದು ಹೊರಟಾಗ, "ಇನ್ಮೇಲೆ ಓದಿಸ್ಕೊಳ್ದೆ ಸಹಿ ಹಾಕಿ ನೋಡಿ, ಆಗ ಐತೆ ನಿಮ್ಗೆ" ಎಂದಳು.

ಕಳೆದ ಭಾನುವಾರ ನನ್ನ ಮೊಮ್ಮಗಳು ಚರ್ಚಿನಲ್ಲಿ ಫಾದರ್ ಕೈಯಿಂದ ತನ್ನ ಮೊದಲ ಪರಮಪ್ರಸಾದದ ರೊಟ್ಟಿ ತೆಗೆದುಕೊಂಡಳು! ಬಿಳಿ ಗೌನು, ತಲೆಗೆ ಹೂವಿನ ಕಿರೀಟ, ನನ್ನ ಕಣ್ಣೇ ತಾಗೀತು. ಕುಟುಂಬದ ಪಟ್ಟಿಯಲ್ಲಿದ್ದ ಹಾಗೇ ಅಪ್ಪನ ಹೆಸರು ಸೇರಿಸಿ ಮೈಕಿನಲ್ಲಿ ಅವಳನ್ನು ಕರೆದಾಗ ನಾನು ಚಪ್ಪಾಳೆ ತಟ್ಟಿ ಕೂಗಿಯೇಬಿಟ್ಟೆ. ಚರ್ಚೆಲ್ಲ ತಿರುಗಿ ನೋಡಿತು. ಅವಳ ದೊಡ್ಡಪ್ಪನೂ ನೋಡಿದ. ನೋಡಲಿ!

ಆ ಹೆಂಗಸು ಹೋದ ವರ್ಷ ತೀರಿಕೊಂಡಳು. ಇದ್ದಿದ್ದರೆ, "ಬಾಯಿ ಮುಚ್ಚಮ್ಮಾ, ಪೂಜೆ ನಡೀತೈತೆ" ಎಂದು ಎಲ್ಲರೆದುರೇ ಬೈಯುತ್ತಿದ್ದಳು. ನಾನೇನು ಬಿಡುತ್ತಿದ್ದೆನೇ? ಚೆನ್ನಾಗಿ ತಿರುಗಿಸಿ ಬೈದು, ಆಮೇಲೆ ಕಾಲಿಗೆ ಬೀಳುತ್ತಿದ್ದೆ.