ಅರಿಶಿಣದ ದಿನದ ಸಿಡಿ

ತಂಗಿಯ ಮದುವೆಯಲ್ಲಿ ಅಮ್ಮ ಹಾಡಿದಳೋ ಇಲ್ಲವೋ ಎಂಬುದು ನನಗೂ ತಂಗಿಗೂ ನಡುವೆ ಎಷ್ಟೋ ವರ್ಷಗಳಿಂದ ಬಗೆಹರಿಯದೆ ಉಳಿದಿದ್ದ ಮಾತು. ಅಮ್ಮ ತೀರಿಕೊಂಡ ಮೇಲೆ ಅದು ಇನ್ನಷ್ಟು ಕಹಿಯಾಯಿತು. ಕೇಳೋಣವೆಂದರೆ ಅವಳೇ ಇಲ್ಲ.

ರಾಯದುರ್ಗದ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಅರಿಶಿಣ ಹಚ್ಚುವ ಶಾಸ್ತ್ರವಿದ್ದರೂ ಅಮ್ಮನಿಗೆ ಕರೆ ಬರುತ್ತಿತ್ತು. ಮನೆಯೊಳಗೆ ತೆಲುಗು ಆಡುವವರೂ ಕರೆಯುತ್ತಿದ್ದರು. ಅವಳಿಗೆ ಬರುತ್ತಿದ್ದದ್ದು ಕನ್ನಡದ ಒಂದೇ ಒಂದು ಸೋಬಾನೆ ಹಾಡು. ಅವಳ ಅಜ್ಜಿಯಿಂದ ಬಂದದ್ದಂತೆ. ಬೇರೆ ಯಾರ ಬಾಯಲ್ಲೂ ನಾನದನ್ನು ಕೇಳಿಲ್ಲ. ಸ್ವಂತ ಮಗಳ ಅರಿಶಿಣಕ್ಕೂ ಅದನ್ನೇ ಹಾಡಿದಳು ಎಂಬುದು ನನ್ನ ನೆನಪು. ಹಸಿರು ಸೀರೆ, ಕೈಯಲ್ಲಿ ಅರಿಶಿಣದ ಬಟ್ಟಲು, ನಡುವೆ ಗಂಟಲು ಕಟ್ಟಿ ನಿಲ್ಲಿಸಿದ್ದು, ಮತ್ತೆ ಎತ್ತಿಕೊಂಡದ್ದು. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ.

ತಂಗಿಯ ಪ್ರಕಾರ ಇಷ್ಟೂ ನನ್ನ ಕಲ್ಪನೆ. ಅಮ್ಮನಿಗೆ ಅವಳನ್ನು ಬಳ್ಳಾರಿ ಕಡೆ ಕೊಡುವ ಮನಸ್ಸಿತ್ತು. ಮಡಕಶಿರದ ಸಂಬಂಧ ಹಿಡಿಸಿರಲಿಲ್ಲ. ಆ ಸಿಟ್ಟಿಗೆ ಮಗಳ ಮದುವೆಯಲ್ಲಿ ಬಾಯಿ ಬಿಗಿದುಕೊಂಡು ಕೂತಳು ಎಂದು ಅವಳ ವಾದ.

ಈಗ ಅವಳ ಮಗಳ ಮದುವೆ ಗೊತ್ತಾಗಿ, ನಾನು ಪಾವಗಡದಲ್ಲಿ ಬಸ್ಸು ಬದಲಿಸಿ ಮಡಕಶಿರಕ್ಕೆ ಹೋದಾಗ ಮಾತು ಮತ್ತೆ ಅಲ್ಲಿಗೇ ಬಂತು.

“ಊರೋರ ಹೆಣ್ಮಕ್ಕಳಿಗೆಲ್ಲ ಹಾಡಿದ್ಲು ಕಣಣ್ಣ, ನಂಗೆ ಹಾಡಲಿಲ್ಲ” ಎಂದಳು ತಂಗಿ. ಆ ಊರಿಗೆ ಹೋಗಿ ಅವಳ ಮಾತಿನ ರಾಗವೂ ಬದಲಾಗಿದೆ.

“ಹಾಡ್ಯಾಳ ಅಂದ್ರ ಹಾಡ್ಯಾಳ. ನಾ ಬಾಗಿಲದಾಗ ನಿಂತಿದ್ದೆ.”

“ನೀನು ಅವತ್ತು ಶಾಮಿಯಾನದೋರ ಜತೆ ಜಗಳ ಆಡ್ತಿದ್ದೆ. ಓದ್ಕೊಂಡೋನು, ಎಲ್ಲದಕ್ಕೂ ಸಾಕ್ಷಿ ಕೇಳ್ತೀಯಲ್ಲ, ಇದಕ್ಕೆ ತೋರ್ಸು. ತೋರ್ಸಿದ್ರೆ ನನ್ನ ಮಗಳ ಅರಿಶಿಣಕ್ಕೆ ಅದನ್ನೇ ಹಾಕಿಸ್ತೀನಿ. ಇಲ್ಲಾಂದ್ರೆ ಇನ್ನೊಂದ್ಸಲ ಆ ಮಾತು ಎತ್ತಬೇಡ.”

ಸಾಕ್ಷಿ ಅವಳ ಬೀರುವಿನಲ್ಲೇ ಇತ್ತು. ಗುಲಾಬಿ ಹೂವಿನ ಚಿತ್ರವಿದ್ದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮದುವೆಯ ಸಿಡಿಗಳು. ಅವನ್ನು ಹಾಕುವ ಪ್ಲೇಯರ್ ಕೆಟ್ಟು ಬಹಳ ಕಾಲವಾಗಿತ್ತು. ಕೆಡುವ ಮೊದಲೂ ಅವರು ನೋಡುತ್ತಿದ್ದದ್ದು ಧಾರೆ ಮತ್ತು ಊಟ. ಅರಿಶಿಣದ ಭಾಗ ಬಂದರೆ ತಂಗಿ ಮುಂದಕ್ಕೆ ಓಡಿಸುತ್ತಿದ್ದಳಂತೆ, ಅಮ್ಮನ ಬಿಗಿದ ಮುಖ ನೋಡಲಾರದೆ. ಡಬ್ಬಿಯಲ್ಲಿ ಒಂದು ಸಿಡಿ ಕಡಿಮೆಯಿತ್ತು.

“ರಿಸೆಪ್ಷನ್ದು ಸಜ್ಜೆ ಹೊಲದಾಗೆ ಐತೆ ಬಾವ” ಎಂದ ಅವಳ ಗಂಡ. “ಗಿಳಿ ಓಡ್ಸಕ್ಕೆ ಕಟ್ಟಿದೀನಿ. ಒಳ್ಳೆ ಕೆಲ್ಸ ಮಾಡ್ತೈತೆ.”

ಉಳಿದವನ್ನು ರಾಯದುರ್ಗಕ್ಕೆ ತಂದೆ. ನನ್ನ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಬಾಯೇ ಇಲ್ಲ. ಹೊರಗಿನಿಂದ ಜೋಡಿಸುವ ಒಂದು ಡ್ರೈವ್ ತರಿಸಿದೆ. ಸಿಡಿಯ ವೀಡಿಯೊವನ್ನು ಫೈಲಾಗಿ ಬದಲಿಸುವ, ಹೊಸಬರಿಗೂ ಸುಲಭವೆಂದು ಹೇಳಿಕೊಳ್ಳುವ ಒಂದು ತಂತ್ರಾಂಶ ಇಳಿಸಿಕೊಂಡೆ. ನಿಜಕ್ಕೂ ಸುಲಭವಾಗಿಯೇ ಇತ್ತು. ಸಿಡಿ ಹಾಕಿ, ಫೋನಿಗೋ ಟಿವಿಗೋ ಎಂದು ಆರಿಸಿ, ಶುರು ಒತ್ತಿ, ಅಷ್ಟೇ. ಮಿಕ್ಕದ್ದನ್ನು ಅದೇ ತೀರ್ಮಾನಿಸುತ್ತದೆ. ಸಿಡಿಯಲ್ಲಿರುವ ಭಾಗಗಳಲ್ಲಿ ಎಲ್ಲಕ್ಕಿಂತ ಉದ್ದನೆಯದೇ ಮುಖ್ಯವಾದದ್ದು ಎಂಬುದು ಅದರ ನಂಬಿಕೆ. ಹಾಗಾಗಿ ಮೊದಲ ಸಲ ನನಗೆ ಸಿಕ್ಕಿದ್ದು ಬರೀ ಧಾರೆ, ಮತ್ತು ಸಾಲಾಗಿ ಬಂದು ಅಕ್ಷತೆ ಹಾಕುವ ನೆಂಟರು. ಎಲೆಯ ಮುಂದೆ ಕೂತು ಕ್ಯಾಮೆರಾ ನೋಡಿ ಕೈ ತಡೆದುಕೊಂಡ ಗಂಡಸರು. ಅರಿಶಿಣ ಬೇರೆ ಚಿಕ್ಕ ತುಂಡಾಗಿತ್ತು. ಅದನ್ನು ನಾನೇ ಹುಡುಕಿ ಗುರುತು ಹಾಕಬೇಕಾಯಿತು. ಅಲ್ಲಿಗೆ ಬರುವಷ್ಟರಲ್ಲಿ ಸಿಡಿ ತಡವರಿಸಿ ನಿಂತಿತು. ಹಳೆಯ ಪಂಚೆಯ ತುದಿಯಿಂದ ನಡುವಿನಿಂದ ಅಂಚಿಗೆ ಒರೆಸಿ ಮತ್ತೆ ಹಾಕಿದೆ. ತೆವಳುತ್ತ, ಕಿರುಗುಟ್ಟುತ್ತ, ಕಡೆಗೆ ಓದಿತು.

ಅಮ್ಮನ ಸೀರೆ ಹಸಿರಲ್ಲ, ಕೆಂಪು. ಅರಿಶಿಣದ ಬಟ್ಟಲು ಇದ್ದದ್ದು ಚಿಕ್ಕಮ್ಮನ ಕೈಯಲ್ಲಿ. ಬಾಗಿಲು ಸ್ಪಷ್ಟವಾಗಿ ಕಾಣುತ್ತದೆ, ಅಲ್ಲಿ ನಾನಿಲ್ಲ. ಆ ತುಂಡಿನಲ್ಲಿ ಎಲ್ಲಿಯೂ ನಾನಿಲ್ಲ.

ಅಮ್ಮ ಇದ್ದಾಳೆ. ಚಾಪೆಯ ತುದಿಯಲ್ಲಿ, ಅರ್ಧ ಮುಖ ತಿರುಗಿಸಿ ಕೂತಿದ್ದಾಳೆ. ಅವಳ ತುಟಿ ಆಡುತ್ತಿದೆ. ಸುಮಾರು ಹೊತ್ತು ಆಡುತ್ತದೆ, ನಿಲ್ಲುತ್ತದೆ, ಮತ್ತೆ ಆಡುತ್ತದೆ. ಕೇಳುವುದು ಮಾತ್ರ ಆ ಕಾಲದ ಒಂದು ಸಿನಿಮಾ ಹಾಡು. ಮೊದಲಿನಿಂದ ಕೊನೆಯತನಕ ಅದೇ. ಆ ಮನೆಯ ಒಂದು ಕೆಮ್ಮು, ಒಂದು ಪಾತ್ರೆಯ ಸದ್ದು ಕೂಡ ಉಳಿಸಿಲ್ಲ.

ತುಟಿ ನೋಡಿ ಪದ ಹಿಡಿಯಬಹುದೆಂದು ಅದನ್ನು ನಿಧಾನ ಮಾಡಿ, ಹಿಂದೆ ಮುಂದೆ ಓಡಿಸಿ, ದಿನಗಟ್ಟಲೆ ನೋಡಿದೆ. ಏನೂ ಸಿಗಲಿಲ್ಲ. ತಂತ್ರಾಂಶ ಮಾತ್ರ ಪ್ರತಿಸಲ ಬ್ಯಾಕಪ್ ಮಾಡಿಕೊಳ್ಳಿ ಎಂದು ನೆನಪಿಸುತ್ತಿತ್ತು. ಲ್ಯಾಪ್‌ಟಾಪಿನಲ್ಲಿ, ಪೆನ್‌ಡ್ರೈವಿನಲ್ಲಿ, ಅಂತರ್ಜಾಲದಲ್ಲಿ, ಎಲ್ಲ ಕಡೆ ಇಟ್ಟೆ. ಇನ್ನು ಮನೆಗೆ ಬೆಂಕಿ ಬಿದ್ದರೂ ಆ ಸಿನಿಮಾ ಹಾಡಿಗೆ ಏನೂ ಆಗುವುದಿಲ್ಲ.

ಆ ಮದುವೆಯ ವೀಡಿಯೊ ತೆಗೆದವನ ಅಂಗಡಿ ಈಗಲೂ ಇದೆ. ಈಗ ಅಲ್ಲಿ ಪಾಸ್‌ಪೋರ್ಟ್ ಫೋಟೋ, ಜೆರಾಕ್ಸ್, ಲ್ಯಾಮಿನೇಷನ್.

“ಅದರ ಅಸಲು ಕ್ಯಾಸೆಟ್ ಐತೇನ್ರಿ?” ಎಂದು ಕೇಳಿದೆ.

“ಎಲ್ಲೈತ್ರಿ ಸಾರ್. ಸಿಡಿ ಮಾಡಿ ಕೊಟ್ಟ ಮ್ಯಾಲ ಅದರ ಮ್ಯಾಲ ಇನ್ನೊಂದು ಮದುವಿ ತೆಗೀತಿದ್ವಿ. ಒಂದೊಂದು ಕ್ಯಾಸೆಟ್ನಾಗ ನಾಕು ನಾಕು ಸಂಸಾರ ಆಗಿ ಹೋಗ್ಯಾವ.”

“ಮನಿಯವರ ದನಿ ಯಾಕ ತೆಗೆದ್ರಿ ಮತ್ತ?”

“ನಾವ್ಯಾಕ ತೆಗೀಲಿ ಸಾರ್? ಮದುಮಗಳು ಮೊದಲ್ನೇ ಸಲ ತವರಿಗೆ ಬಂದಾಗ ಗಂಡ ಹೆಂಡ್ತಿ ಇಲ್ಲಿಗೆ ಬರ್ತಿದ್ರು. ಯಾವ ಶಾಸ್ತ್ರಕ್ಕ ಯಾವ ಹಾಡು ಅಂತ ಆರಿಸಿ ಹೋಗ್ತಿದ್ರು. ಮುದುಕೇರ ಹಾಡು ಬ್ಯಾಡ್ರಿ, ನಮ್ಮ ಅತ್ತಿ ಮನ್ಯಾಗ ನಗ್ತಾರ ಅಂತಿದ್ರು.”

“ನನ್ನ ತಂಗೀನೂ ಹಂಗ ಅಂದ್ಲಾ?”

“ಅಂದಿರಬೇಕ್ರಿ. ಎಲ್ಲಾರೂ ಅಂತಿದ್ರಲ್ಲ.”

ಅವನ ನೆನಪಿಗೂ ನನ್ನ ನೆನಪಿಗೂ ಏನು ಹೆಚ್ಚು ಕಡಿಮೆ? ಅವನಿಗೆ ನೆನಪಿದ್ದದ್ದು ಎಲ್ಲ ಮದುಮಕ್ಕಳೂ, ನನ್ನ ತಂಗಿ ಅಲ್ಲ. ಇದೆಲ್ಲ ಅಲ್ಲೇ, ಜೆರಾಕ್ಸ್ ಯಂತ್ರದ ಪಕ್ಕದಲ್ಲೇ ನನಗೆ ಹೊಳೆದಿತ್ತು.

ತುಣುಕನ್ನು ತಂಗಿಯ ಫೋನಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವಳೇ ಕರೆ ಮಾಡಿದಳು.

“ಇದೇನಾ ನಿನ್ನ ಸಾಕ್ಷಿ? ಅಡಿಗೆಯೋನಿಗೆ ಬೈತಾವ್ಳೆ ಕಣಣ್ಣ. ಅವತ್ತು ಸಾರಿಗೆ ಉಪ್ಪು ಜಾಸ್ತಿ ಆಗಿತ್ತು.”

“ಅಷ್ಟು ಹೊತ್ತು ಯಾರಾನ ಬೈತಾರೇನು?”

“ನಮ್ಮಮ್ಮ ಬೈತಾಳೆ.” ಅವಳು ನಕ್ಕಳು. ಆಮೇಲೆ ದನಿ ಸಣ್ಣದಾಯಿತು. “ನಡುವೆ ಒಂದ್ಸಲ ನಿಲ್ಸಿ ಗಂಟಲು ಮುಟ್ಕೊಂತಾಳೆ, ನೋಡ್ದಾ? ಹಾಡಿರಬೌದು ಅಲ್ವಾ? ಆ ಸಿನ್ಮಾ ಹಾಡು ಹಾಕ್ದೋನು ಯಾವನಣ್ಣ? ಅವನ ಕೈ ಸೇದೋಗ.”

ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ಬಾಗಿಲಲ್ಲಿ ನಾನಿರಲಿಲ್ಲ ಎಂಬ ಅವಳ ಮಾತು ನಿಜವಾಗಿದ್ದ ಸಂಕಟ ನನ್ನೊಳಗೆ ಇನ್ನೂ ಇತ್ತು.

“ಅವ ಅಲ್ಲ. ನೀನ ಹೋಗಿ ಹೇಳಿದ್ದಿ. ಮುದುಕೇರ ಹಾಡು ಬ್ಯಾಡ ಅಂತ.”

“ನಾನಾ?” ಎಂದಳು. “ಆ ಅಂಗಡಿಗೆ ಹೋಗಿದ್ದು ನೆನಪೈತೆ. ಹೇಳಿದ್ದು ನೆನಪಿಲ್ಲ ಕಣಣ್ಣ.” ಫೋನು ಇಟ್ಟಳು.

ಅಂಗಡಿಯವನ ಅನುಮಾನವನ್ನು ನಾನು ಖಚಿತವೆಂಬಂತೆ ದಾಟಿಸಿದ್ದೆ. ತಿರುಗಿ ಫೋನು ಮಾಡಿ ಅದನ್ನು ಸರಿಪಡಿಸಲೂ ಇಲ್ಲ.

ಅವಳ ಮಗಳ ಅರಿಶಿಣಕ್ಕೆ ಮಡಕಶಿರಕ್ಕೆ ಹೋದಾಗ ಅಂಗಳದಲ್ಲಿ ಆಳೆತ್ತರದ ಸ್ಪೀಕರ್ ಅರಚುತ್ತಿತ್ತು. ನನ್ನನ್ನು ಕಂಡವಳೇ ತಂಗಿ ಅದನ್ನು ನಿಲ್ಲಿಸಿದಳು.

“ಅಣ್ಣ, ಅಮ್ಮ ಹಾಡಿದ್ದನ್ನ ಕೇಳಿದೀನಿ ಅಂತೀಯಲ್ಲ. ನೀನೇ ಹಾಡು ಬಾ.”

ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ. ಹೆಂಗಸರು ನಕ್ಕರು. “ಗಂಡ್ಸರು ಸೋಬಾನೆ ಹಾಡ್ತಾರಾ? ಹಾಡ್ಲಿ ಬಿಡ್ರಮ್ಮ, ಮಳೆನಾದ್ರೂ ಬರ್ಲಿ” ಎಂದಳು ಒಬ್ಬ ಮುದುಕಿ.

ಮೊದಲ ಸಾಲಿನ ಪದಗಳು ಬಾಯಿಗೆ ಬಂದವು. ಹಾಡಿದೆ. ಎರಡನೆಯ ಸಾಲಿಗೆ ಏರುವಾಗ ಧಾಟಿ ತಾನಾಗಿ ಬೇರೆ ಕಡೆ ಹೊರಳಿತು. ತಡೆದು ಮತ್ತೆ ಮೊದಲಿನಿಂದ ಎತ್ತಿದೆ. ಮತ್ತೆ ಅಲ್ಲಿಗೇ ಹೋಯಿತು.

“ಅಯ್ಯೋ, ಇದು ಸಿನ್ಮಾದಲ್ವಾ?” ಎಂದು ಯಾರೋ ಗುರುತು ಹಿಡಿದರು. ಸಿಡಿಯಲ್ಲಿ ದಿನಗಟ್ಟಲೆ ಕೇಳಿದ್ದ ಅದೇ ಹಾಡು. ಅಂಗಳವೆಲ್ಲ ನಗು.

ತಂಗಿ ನಗಲಿಲ್ಲ. ಬಟ್ಟಲಿಗೆ ಬೆರಳದ್ದಿ ಮಗಳ ಕೆನ್ನೆಗೆ ಅರಿಶಿಣ ಹಚ್ಚಿದಳು. ಆಮೇಲೆ ನನ್ನ ಕಡೆ ನೋಡದೆ, “ಹಾಕ್ರಪ್ಪ ಸ್ಪೀಕರ್ನ” ಎಂದಳು.