ಬಾಗಿಲಲ್ಲಿ ನಾನು ಹೇಳಿದ್ದು

ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣ. ತಂಗಿ ವೀಣಾಳ ಮಗಳು ಬೇಸಿಗೆಯ ಓದಿಗೆಂದು ಗೆಳತಿಯರ ಜೊತೆ ಇಂಗ್ಲೆಂಡಿಗೆ ಹೊರಟಿದ್ದಾಳೆ. ಕೌಂಟರಿನ ಹೆಂಗಸು ಪಾಸ್‌ಪೋರ್ಟು ನೋಡಿ ನಕ್ಕು ಕಳಿಸಿದಳು. ಮನೆ ಎಲ್ಲಿ, ಯಾರ ಮಗಳು ಎಂದು ಕೇಳಲೇ ಇಲ್ಲ. ನನಗೆ ಅದೇ ಆಶ್ಚರ್ಯ.

“ದೊಡ್ಡಮ್ಮ, ಓನ್ಲಿ ಸಿಕ್ಸ್ ವೀಕ್ಸ್, ಓಕೆ?” ಎಂದು ತಬ್ಬಿಕೊಂಡು ಹುಡುಗಿ ಒಳಗೆ ಹೋದಳು.

“ಕಾಲೇಜಲ್ಲಿದ್ದಾಗ ನಾನೂ ಹೀಗೇ ಹೋಗ್ಬೇಕಿತ್ತಲ್ಲ ಅಕ್ಕ,” ಎಂದಳು ವೀಣಾ. “ಫ್ರೆಂಡ್ಸೆಲ್ಲ ಹೋದ್ರು. ನಾನು ಅಲ್ಲಿರೋದೇ ಇಲ್ಲ ಅಂತ ಮನೇಲಿ ಹೇಳಿದ್ರಂತೆ, ಪಾಸ್‌ಪೋರ್ಟೇ ಬರ್ಲಿಲ್ಲ.”

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆಗ ವೀಣಾ ಇಂಗ್ಲೆಂಡಿಗೆ ಓದಲು ಹೋಗುವುದು ನನಗೆ ಸಹಿಸಲಾಗಲಿಲ್ಲ. ಮೈಸೂರಿನ ಮನೆಗೆ ಪೊಲೀಸಿನವರು ಅವಳ ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ದಿನ ಬಾಗಿಲು ತೆರೆದವಳು ನಾನೇ. ಇಂದು ಅವಳಿಗೆ ಅದನ್ನು ಹೇಳಿಬಿಟ್ಟೆ.

ವೀಣಾ ಮಗಳು ಹೋದ ದಾರಿಯನ್ನೇ ನೋಡುತ್ತಿದ್ದಳು.

“ಅಮ್ಮನೇ ಹೇಳಿರ್ಬೇಕು ಅಂದ್ಕೊಂಡಿದ್ದೆ. ಆಮೇಲೆ ಅಮ್ಮನ ಹತ್ರ ಸರಿಯಾಗಿ ಮಾತೇ ಆಡ್ಲಿಲ್ಲ ನಾನು.”

ಅಮ್ಮ ತೀರಿಕೊಂಡು ಆರು ವರ್ಷವಾಯಿತು. ವೀಣಾಳಿಗೆ ತನ್ನ ಮೇಲೆ ಏಕೆ ಕೋಪ ಎಂದು ಕೊನೆಯವರೆಗೂ ಅವಳು ನನ್ನನ್ನೇ ಕೇಳುತ್ತಿದ್ದಳು.